ಸಂಹಿತೆಯನ್ನು ಓದುವ ಬಗೆ: ಶಾಲ್ಮಲಾಳಿಗೆ ಒಂದು ಪತ್ರ

ಧಾರವಾಡ
14 ಜುಲೈ 2025

ಚಿ. ಶಾಲ್ಮಲಾಳಿಗೆ ನಿನ್ನ ಕಾಕಾ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮವಾಗಿದ್ದೇವೆ. ನಿನ್ನ ಪ್ರಬಂಧದ ಕರಡು ಕೈಸೇರಿತು. ಬರವಣಿಗೆ ಅಚ್ಚುಕಟ್ಟಾಗಿದೆ, ಓದಿರುವುದೂ ಕಡಿಮೆಯೇನಲ್ಲ. ಆದರೆ ಮೊದಲ ಅಧ್ಯಾಯದಲ್ಲಿ ನೀನು ಹಾಕಿರುವ ಬುನಾದಿಯ ಬಗ್ಗೆ ನನ್ನ ತಕರಾರು ಇದೆ. ಫೋನಿನಲ್ಲಿ ಹೇಳಿದರೆ ಮಾತು ಹಾರಿಹೋಗುತ್ತದೆ ಎಂದು ಕಾಗದ ಹಿಡಿದಿದ್ದೇನೆ. ಲಿಖಿತ ಕಾನೂನು ಸಂಹಿತೆ ಬರುವ ತನಕ ಬಲವಿದ್ದವನ ಮಾತೇ ನಡೆಯುತ್ತಿತ್ತು, ಸಂಹಿತೆ ಬಂದ ಮೇಲೆ ಎಲ್ಲರಿಗೂ ಒಂದೇ ಅಳತೆ ಸಿಕ್ಕಿತು, ಆದ್ದರಿಂದ ಒಂದು ಕಾಲದ ಸಂಹಿತೆಯನ್ನು ಓದಿದರೆ ಆ ಕಾಲದ ಬದುಕನ್ನೇ ಓದಿದಂತೆ ಎಂದು ನೀನು ಬರೆದಿದ್ದೀಯ. ಇದರಲ್ಲಿ ಮೊದಲ ಮಾತು ಅರ್ಧ ನಿಜ, ಎರಡನೆಯದು ಬಹುಮಟ್ಟಿಗೆ ಸುಳ್ಳು, ಮೂರನೆಯದನ್ನು ನಂಬಿಕೊಂಡು ಹೊರಟರೆ ಉಳಿದ ಅಧ್ಯಾಯಗಳೂ ದಾರಿ ತಪ್ಪುತ್ತವೆ. ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆಗಳನ್ನೇ ನಡೆಸುತ್ತ ಆಯುಷ್ಯ ಕಳೆದವನು ನಾನು. ಒಂದು ಕಾನೂನಿನ ಪುಸ್ತಕದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದನ್ನು ತೆರೆದು ಓದುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನೀನು ಹಮ್ಮುರಾಬಿಯಿಂದ ಆರಂಭಿಸಿದ್ದೀಯ. ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಕ್ರಿ.ಪೂ. 18ನೆಯ ಶತಮಾನದ ಆ ಬ್ಯಾಬಿಲೋನಿನ ಅರಸ ಏಳಡಿಗೂ ಮೀರಿದ ಎತ್ತರದ ಕಪ್ಪುಕಲ್ಲಿನ ಮೇಲೆ ಕೆತ್ತಿಸಿದ ಸುಮಾರು 282 ವಿಧಿಗಳು ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ನೆರೆಯ ಎಲಾಮ್ ರಾಜ್ಯದ ಅರಸನೊಬ್ಬ ಕೊಳ್ಳೆಹೊಡೆದು ಸೂಸಾ ನಗರಕ್ಕೆ ಒಯ್ದಿದ್ದ ಆ ಕಲ್ಲು 1901–02ರಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಅಲ್ಲಿಯೇ ಸಿಕ್ಕಿತು. ನೀನು ಅದರಿಂದ ‘ಕಣ್ಣಿಗೆ ಕಣ್ಣು’ ಎಂಬುದೊಂದನ್ನೇ ಎತ್ತಿಕೊಂಡು ಸಮಾನ ನ್ಯಾಯದ ಮೊದಲ ಹೆಜ್ಜೆ ಎಂದು ಕರೆದಿದ್ದೀಯ. ಅದರ ಪಕ್ಕದ ವಿಧಿಗಳನ್ನೂ ಓದು. ಮೇಲುವರ್ಗದವನು ತನ್ನಂಥವನ ಕಣ್ಣು ಕಿತ್ತರೆ ಮಾತ್ರ ಅವನ ಕಣ್ಣು ಹೋಗುತ್ತದೆ. ಕೆಳಗಿನ ದರ್ಜೆಯ ಸ್ವತಂತ್ರ ಮನುಷ್ಯನ ಕಣ್ಣು ಕಿತ್ತರೆ ಒಂದು ಮಿನಾ (ಆ ಕಾಲದ ಒಂದು ತೂಕ) ಬೆಳ್ಳಿ ತೆತ್ತು ಮನೆಗೆ ಹೋಗಬಹುದು. ಇನ್ನೊಬ್ಬನ ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ ಕೊಟ್ಟರೆ ಮುಗಿಯಿತು. ಅಂದರೆ ಆ ಕಲ್ಲು ಮನುಷ್ಯರನ್ನು ಒಂದೇ ಅಳತೆಗೆ ತರಲಿಲ್ಲ, ಇದ್ದ ಏರುತಗ್ಗಿಗೆ ಬೆಲೆಪಟ್ಟಿ ಬರೆಯಿತು.

ಇದಕ್ಕಿಂತ ಸೋಜಿಗದ ಸಂಗತಿ ಮತ್ತೊಂದಿದೆ. ಆ ಕಾಲದ ಕರಾರುಗಳು, ತೀರ್ಪುಗಳು, ಸಾಲಪತ್ರಗಳು ಮಣ್ಣಿನ ಹಲಗೆಗಳ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಉಳಿದು ಬಂದಿವೆ, ಆದರೆ ತೀರ್ಪು ಕೊಡುವಾಗ ‘ಹಮ್ಮುರಾಬಿಯ ಇಂಥ ವಿಧಿಯ ಪ್ರಕಾರ’ ಎಂದು ಆಧಾರ ತೋರಿಸುವ ರೂಢಿ ಅವುಗಳಲ್ಲಿ ಕಾಣುವುದಿಲ್ಲ. ಹಾಗಾದರೆ ಅಷ್ಟು ದೊಡ್ಡ ಕಲ್ಲು ಯಾಕೆ? ಅದರ ಕೊನೆಯ ಭಾಗದಲ್ಲಿ ಅರಸನೇ ಹೇಳಿಕೊಂಡಿದ್ದಾನೆ: ಅನ್ಯಾಯಕ್ಕೆ ಒಳಗಾದವನು ಬಂದು ಈ ಕಲ್ಲಿನ ಮುಂದೆ ನಿಂತು ಇದನ್ನು ಓದಿಸಿ ಕೇಳಲಿ, ಕೇಳಿ ತನ್ನ ಅರಸನನ್ನು ಹರಸಲಿ ಎಂದು. ದೇವರ ಮುಂದೆ, ಮುಂದಿನ ಅರಸರ ಮುಂದೆ ತಾನು ನ್ಯಾಯವಂತ ಎಂದು ಸಾರುವುದು ಅದರ ಮುಖ್ಯ ಕೆಲಸವಾಗಿತ್ತು. ಬರೆಯುವವರ ಶಾಲೆಗಳಲ್ಲಿ ಸಾವಿರ ವರ್ಷಕ್ಕೂ ಮೀರಿ ಅದನ್ನು ನಕಲು ಮಾಡಿ ಕಲಿತರು. ಇವೆಲ್ಲ ಸಣ್ಣ ಪಾತ್ರಗಳಲ್ಲ. ಆದರೆ ಇಂದು ನಾವು ಕಾಯಿದೆಯ ಕಲಮು ಹಿಡಿದು ವಾದಿಸುವ ಅರ್ಥದಲ್ಲಿ ಅದನ್ನು ಕಾನೂನು ಎಂದು ಕರೆದರೆ ಆ ಕಾಲಕ್ಕೆ ಅನ್ಯಾಯ ಮಾಡಿದಂತಾಗುತ್ತದೆ.

ರೋಮಿನ ಹನ್ನೆರಡು ಫಲಕಗಳ ವಿಷಯದಲ್ಲಿ ನಿನ್ನ ಮಾತಿಗೆ ಹೆಚ್ಚು ಬಲವಿದೆ, ಒಪ್ಪುತ್ತೇನೆ. ಕಾನೂನು ಕುಲೀನ ಪುರೋಹಿತರ ಬಾಯಲ್ಲಿ ಮಾತ್ರ ಇದ್ದದ್ದನ್ನು ಸಾಮಾನ್ಯ ಜನ ಪ್ರತಿಭಟಿಸಿದ್ದರಿಂದಲೇ ಕ್ರಿ.ಪೂ. 451–450ರಲ್ಲಿ ಅದು ಬರಹಕ್ಕಿಳಿದು ಊರ ನಡುವಿನ ಚೌಕಕ್ಕೆ ಬಂತು. ಆದರೆ ಅಲ್ಲಿಗೇ ನಿಲ್ಲಬೇಡ. ಹಕ್ಕು ಬಹಿರಂಗವಾಯಿತು, ಆ ಹಕ್ಕನ್ನು ಕೇಳಲು ನ್ಯಾಯಾಧಿಕಾರಿಯ ಮುಂದೆ ಯಾವ ದಿನ ಹೋಗಬೇಕು, ನಿಂತು ಯಾವ ಪದಗಳನ್ನು ನುಡಿಯಬೇಕು ಎಂಬುದು ಮಾತ್ರ ಮತ್ತೆ ಪುರೋಹಿತರ ಗುಟ್ಟಾಗಿಯೇ ಉಳಿಯಿತು. ಒಂದು ಪದ ತಪ್ಪಿದರೆ ದಾವೆ ಬಿದ್ದುಹೋಗುತ್ತಿತ್ತು. ಸುಮಾರು ಒಂದೂವರೆ ಶತಮಾನದ ಮೇಲೆ, ಕ್ರಿ.ಪೂ. 304ರಲ್ಲಿ, ಬಿಡುಗಡೆ ಪಡೆದ ಗುಲಾಮನೊಬ್ಬನ ಮಗ, ಗುಮಾಸ್ತನಾಗಿದ್ದ ಗ್ನೇಯಸ್ ಫ್ಲೇವಿಯಸ್ ಆ ನುಡಿಕಟ್ಟುಗಳನ್ನೂ ಕೋರ್ಟು ನಡೆಯುವ ದಿನಗಳ ಪಟ್ಟಿಯನ್ನೂ ಜನರ ಕಣ್ಣಿಗೆ ಬೀಳುವಂತೆ ಪ್ರಕಟಿಸಿದ. ರೋಮಿನ ಸಾಮಾನ್ಯನಿಗೆ ಕಾನೂನು ಎಟುಕಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಫಲಕಗಳಿಗಿಂತ ಈ ಗುಮಾಸ್ತನ ಹೆಸರನ್ನೇ ಮೊದಲು ಹೇಳುತ್ತೇನೆ. ಕೋರ್ಟಿನ ಕಚೇರಿಯಲ್ಲಿ ಯಾವ ಅರ್ಜಿಗೆ ಯಾವ ಮುದ್ರಾಂಕ ಎಂದು ಹೇಳಿಕೊಡುವ ಹಳೆಯ ಗುಮಾಸ್ತರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿನ್ನ ಪ್ರಬಂಧದಲ್ಲಿ ಅರ್ಧ ಪುಟಕ್ಕೆ ಮುಗಿದುಹೋಗಿರುವ, ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರಗ್ರಂಥ ಮಿತಾಕ್ಷರಕ್ಕೆ ಬರುತ್ತೇನೆ. ನಿನ್ನ ಜಾಗದಲ್ಲಿ ನಾನಿದ್ದರೆ ಇಡೀ ಪ್ರಬಂಧವನ್ನೇ ಅದರ ಮೇಲೆ ಕಟ್ಟುತ್ತಿದ್ದೆ. ಸಂಹಿತೆ ಹುಟ್ಟುವುದು, ಬೆಳೆಯುವುದು, ಬೇರೊಬ್ಬರ ಕೈಗೆ ಸಿಕ್ಕು ಬೇರೆಯದೇ ಆಗುವುದು ಎಲ್ಲವನ್ನೂ ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಗ್ರಂಥ ನನಗೆ ಗೊತ್ತಿಲ್ಲ. ಅದು ಬರೆಯಲ್ಪಟ್ಟದ್ದೂ ನಮ್ಮ ನೆಲದಲ್ಲಿಯೇ: ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1076 ಮತ್ತು 1126ರ ನಡುವೆ, ಇಂದಿನ ಬಸವಕಲ್ಯಾಣದಲ್ಲಿ. ಕಲಬುರಗಿ ಜಿಲ್ಲೆಯ ಮರತೂರಿನವರು ವಿಜ್ಞಾನೇಶ್ವರ ನಮ್ಮೂರವನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗ್ರಂಥದ ಕೊನೆಯಲ್ಲಿ, ಕಲ್ಯಾಣದಂಥ ನಗರ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆ ಇರುವುದಿಲ್ಲ, ವಿಕ್ರಮಾರ್ಕನಂಥ (ಅಂದರೆ ಇದೇ ವಿಕ್ರಮಾದಿತ್ಯನಂಥ) ಅರಸನನ್ನು ಕಂಡವರಿಲ್ಲ ಕೇಳಿದವರಿಲ್ಲ ಎಂದು ಹೊಗಳಿ, ಅದೇ ಉಸಿರಿನಲ್ಲಿ ವಿಜ್ಞಾನೇಶ್ವರ ಪಂಡಿತನಿಗೂ ಸಾಟಿಯಿಲ್ಲ ಎಂಬ ಮಾತಿದೆ. ಅಷ್ಟು ಬಿಂಕ ಅವನಿಗೆ ಒಪ್ಪುತ್ತದೆ ಬಿಡು.

ಮೊದಲು ಒಂದನ್ನು ಗಮನದಲ್ಲಿಡು. ಮಿತಾಕ್ಷರ ಅರಸನು ಹೊರಡಿಸಿದ ಆಜ್ಞೆಯಲ್ಲ. ಅದು ಅದಕ್ಕಿಂತ ಎಷ್ಟೋ ಹಿಂದಿನ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಮೂರೂ ಅಧ್ಯಾಯಗಳಿಗೆ ಬರೆದದ್ದು. ಸ್ನಾನ, ಶ್ರಾದ್ಧ, ವಿವಾಹಗಳಿಂದ ಹಿಡಿದು ಸಾಲ, ಸಾಕ್ಷಿ, ಗಡಿಜಗಳ, ದಾಯ ಅಂದರೆ ಪಿತ್ರಾರ್ಜಿತ ಆಸ್ತಿಯ ಪಾಲಿನ ತನಕ ಎಲ್ಲವೂ ಅದರಲ್ಲಿದೆ. ಅದರ ರೀತಿ ವಾದದ ರೀತಿ: ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಬಲವಾಗಿ ನಿಲ್ಲಿಸಿ, ಆಮೇಲೆ ಕೆಡವಿ, ಸಿದ್ಧಾಂತಕ್ಕೆ ಬರುವುದು. ಅಪ್ಪಣೆ ಕೊಡುವವನಿಗೆ ಇಷ್ಟು ವಾದಿಸುವ ಅಗತ್ಯವಿರುವುದಿಲ್ಲ.

ಎರಡು ಮೂರು ಸ್ಥಳಗಳನ್ನು ತೋರಿಸುತ್ತೇನೆ, ಮೂಲದಲ್ಲಿಯೇ ತೆಗೆದು ನೋಡು. ಸ್ವತ್ತಿನ ಮೇಲಿನ ಒಡೆತನ ಶಾಸ್ತ್ರದಿಂದ ಹುಟ್ಟುತ್ತದೆಯೋ ಲೋಕವ್ಯವಹಾರದಿಂದ ಹುಟ್ಟುತ್ತದೆಯೋ ಎಂಬ ಪ್ರಶ್ನೆಯನ್ನು ಅವನು ದಾಯವಿಭಾಗದ ಆರಂಭದಲ್ಲಿಯೇ ಎತ್ತುತ್ತಾನೆ. ಶಾಸ್ತ್ರದಿಂದಲೇ ಎಂದು ಹೇಳಿಬಿಟ್ಟಿದ್ದರೆ ಪಂಡಿತನಾಗಿ ಅವನಿಗೆ ಲಾಭವೇ ಆಗುತ್ತಿತ್ತು. ಆದರೆ ಅವನು ಲೋಕದ ಪಕ್ಷ ವಹಿಸುತ್ತಾನೆ. ಅವನು ಕೊಡುವ ಒಂದು ಕಾರಣ ನನಗೆ ಇಂದಿಗೂ ಹೊಸದೆನಿಸುತ್ತದೆ: ಶಾಸ್ತ್ರದ ಹೆಸರನ್ನೇ ಕೇಳದ ಗಡಿನಾಡಿನ ಜನ ಕೂಡ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅದು ನಿನ್ನದು ಎನ್ನುತ್ತಾರೆ, ಹಾಗಿರುವಾಗ ಒಡೆತನ ಶಾಸ್ತ್ರದಿಂದ ಬಂತು ಎನ್ನುವುದು ಹೇಗೆ? ಆ ತಳಹದಿಯ ಮೇಲೆಯೇ ಅವನು ತನ್ನ ಹೆಸರಾಂತ ಸಿದ್ಧಾಂತವನ್ನು ಕಟ್ಟುತ್ತಾನೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ತಂದೆ ಸತ್ತ ಮೇಲೆ ಬರುವ ಹಕ್ಕಲ್ಲ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ಎಂಬ ಗ್ರಂಥ ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿಯಿತು.

ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕು ಎಂದು ಸ್ಮೃತಿಗಳಲ್ಲಿ ಸ್ಪಷ್ಟವಾಗಿ ಇದೆ. ವಿಜ್ಞಾನೇಶ್ವರ ಅದನ್ನು ಅಲ್ಲಗಳೆಯುವುದಿಲ್ಲ. ಇದೆ, ಆದರೆ ಆಚರಿಸಬಾರದು, ಯಾಕೆಂದರೆ ಜನ ಅದನ್ನು ದ್ವೇಷಿಸುತ್ತಾರೆ ಎನ್ನುತ್ತಾನೆ. ಧರ್ಮವೇ ಆದರೂ ಲೋಕ ಒಪ್ಪದ್ದನ್ನು ಮಾಡಬಾರದು ಎಂಬ ಯಾಜ್ಞವಲ್ಕ್ಯನ ಮಾತನ್ನೇ ಯಾಜ್ಞವಲ್ಕ್ಯನ ವಿಧಿಯ ಎದುರು ನಿಲ್ಲಿಸುತ್ತಾನೆ. ಹಾಗೆಯೇ ಭೂಮಿ ಕೈಬದಲಾಗುವಾಗ ಊರವರ, ಜ್ಞಾತಿಗಳ, ಅಕ್ಕಪಕ್ಕದ ಹೊಲದವರ, ದಾಯಾದಿಗಳ ಒಪ್ಪಿಗೆ ಬೇಕು, ಹೊನ್ನು ನೀರುಗಳೊಡನೆ ಕೊಡಬೇಕು ಎಂಬ ಹಳೆಯ ವಚನವನ್ನು ಎತ್ತಿಕೊಂಡು, ಊರವರ ಒಪ್ಪಿಗೆ ವ್ಯವಹಾರ ಬಹಿರಂಗವಾಗಿ ನಡೆಯಲೆಂದು, ಅದಿಲ್ಲದಿದ್ದರೆ ವ್ಯವಹಾರವೇ ಬಿದ್ದುಹೋಗುವುದಿಲ್ಲ; ಪಕ್ಕದ ಹೊಲದವನ ಒಪ್ಪಿಗೆ ಮುಂದೆ ಬದುವಿನ ಜಗಳ ಬಾರದಿರಲೆಂದು ಎಂದು ಬಿಡಿಸಿ ಹೇಳುತ್ತಾನೆ. ನಮ್ಮ ಶಾಸನಗಳಲ್ಲಿ ‘ಧಾರಾಪೂರ್ವಕಂ ಮಾಡಿ’ (ನೀರೆರೆದು ಕೊಟ್ಟು) ಎಂಬ ಮಾತನ್ನೂ ದಾನದ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನೂ ನೀನು ಓದಿರುತ್ತೀಯ. ಆ ಕಲ್ಲುಗಳನ್ನೂ ಈ ಪುಟವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡು. ಇವತ್ತು ಚೆಕ್ಕುಬಂದಿ ಬರೆಯುವ ಪತ್ರಬರಹಗಾರನಿಗೂ ಅದೇ ಚಿಂತೆ ಇರುತ್ತದೆ.

ಹೀಗೆಂದು ಅವನನ್ನು ಇಂದಿನ ಸುಧಾರಕನನ್ನಾಗಿ ಮಾಡಲು ಹೋಗಬೇಡ. ಆ ಮೋಹ ನಮ್ಮ ಕಡೆಯ ಲೇಖಕರಿಗೆ ಬಹಳ. ಅವನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ದಂಡ ವರ್ಣವನ್ನು ನೋಡಿಕೊಂಡು ಏರಿಳಿಯುತ್ತದೆ. ಕೆಳವರ್ಣದ ಗಂಡಸು ಮೇಲ್ವರ್ಣದ ಹೆಣ್ಣಿನ ಸಂಗ ಮಾಡಿದರೆ ವಧೆಯೇ ಶಿಕ್ಷೆ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಮೇಲೆ, ಬಿಜ್ಜಳನ ಕಾಲದಲ್ಲಿ, ಶರಣರು ಈ ಏಣಿಯನ್ನೇ ಒಪ್ಪದೆ ನಿಂತರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು ಎಂದು ಶರಣ ಪರಂಪರೆ ಹೇಳುತ್ತದೆ. ಆ ಶಿಕ್ಷೆ ವಿಧಿಸುವಾಗ ಯಾರಾದರೂ ಗ್ರಂಥ ತೆರೆದು ನೋಡಿದರೋ ಇಲ್ಲವೋ, ಅಂಥ ಶಿಕ್ಷೆ ಸಹಜ ಎನ್ನುವ ಗಾಳಿ ಆ ಊರಿನಲ್ಲಿ ಇತ್ತು. ಆ ಗಾಳಿಯಲ್ಲಿ ಸ್ಮೃತಿಯ ಪಾಲೂ ಇತ್ತು. ಸಂಹಿತೆಗಳು ಕೋರ್ಟಿನ ಹೊರಗೆ ಮಾಡುವ ಕೆಲಸ ಇದು, ನಿನ್ನ ಕರಡಿನಲ್ಲಿ ಇದರ ಸುಳಿವೇ ಇಲ್ಲ.

ಹಾಗಾದರೆ ಆ ಕಾಲದ ಊರುಗಳಲ್ಲಿ ಜಗಳಗಳು ತೀರ್ಮಾನವಾಗುತ್ತಿದ್ದದ್ದು ಹೇಗೆ ಎಂದು ಕೇಳುತ್ತೀಯ. ಮಹಾಜನರು, ನಗರ ಎಂಬ ವರ್ತಕರ ಕೂಟ, ವೃತ್ತಿಸಂಘಗಳು, ಊರಗೌಡರು ಸೇರಿ ತಮ್ಮ ತಮ್ಮ ಕಟ್ಟಳೆಯಂತೆ ತೀರಿಸುತ್ತಿದ್ದರು. ಅದಕ್ಕೆ ಲಕ್ಷ್ಮೇಶ್ವರದ ಶಾಸನವನ್ನು ಓದು. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಅಂದಿನ ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ (ಪ್ರಜಾವರ್ಗಗಳಿಗೂ) ಕೊಟ್ಟ ಆಚಾರವ್ಯವಸ್ಥೆ ಅದು, ಹಳಗನ್ನಡದಲ್ಲಿದೆ. ರಾಜಪುರುಷರು ಏನನ್ನು ಕಾಪಾಡಬೇಕು, ಊರವರು ಅಂತಸ್ತಿಗೆ ತಕ್ಕಂತೆ ಏನು ತೆರಬೇಕು, ಕಳವಿನ ದಂಡ ಮತ್ತು ಮಕ್ಕಳಿಲ್ಲದೆ ಸತ್ತವರ ಸೊತ್ತು ಎಲ್ಲಿಗೆ ಸೇರಬೇಕು ಎಂದು ಎರಡೂ ಕಡೆಯವರನ್ನು ಕಟ್ಟುವ ಕರಾರಿನಂತೆ ಅದು ಮಾತಾಡುತ್ತದೆ. ರಾಜ್ಯ ಮತ್ತು ಸಮಾಜದ ನಡುವೆ ಕಾನೂನಿನ ಪಾತ್ರ ಏನು ಎಂದು ತಿಳಿಯಲು ಯಾವ ಸ್ಮೃತಿಗಿಂತಲೂ ಇದು ಹೆಚ್ಚು ಸಹಾಯ ಮಾಡುತ್ತದೆ.

ವಿಜ್ಞಾನೇಶ್ವರನ ಗ್ರಂಥ ಆರೂವರೆ ಶತಮಾನಗಳ ಕಾಲ ಪಂಡಿತರ ನಡುವೆ ಹೀಗೆ ಬಾಳಿತು. ಆಮೇಲೆ ಅದಕ್ಕೆ ಬಂದ ಗತಿಯನ್ನು ನೀನು ಇನ್ನೂ ನಿಧಾನವಾಗಿ ಓದಬೇಕು. 1772ರಲ್ಲಿ ಬಂಗಾಳದ ಬ್ರಿಟಿಷ್ ಗವರ್ನರ್ ವಾರನ್ ಹೇಸ್ಟಿಂಗ್ಸ್ ಒಂದು ನಿಯಮ ಮಾಡಿದ: ದಾಯ, ವಿವಾಹ, ಜಾತಿ ಮತ್ತು ಇತರ ಧಾರ್ಮಿಕ ಆಚಾರಗಳ ದಾವೆಗಳಲ್ಲಿ ಮುಸಲ್ಮಾನರಿಗೆ ಕುರಾನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು. ಉದಾರವಾಗಿ ಕೇಳಿಸುವ ಈ ನಿಯಮದೊಳಗೆ ಒಂದು ಎಣಿಕೆ ಅಡಗಿತ್ತು. ಈ ದೇಶದ ಜನರ ಕಾನೂನು ಪುಸ್ತಕದಲ್ಲಿದೆ, ಪುಸ್ತಕ ಸಿಕ್ಕರೆ ಕಾನೂನು ಸಿಕ್ಕಂತೆ ಎಂಬುದೇ ಆ ಎಣಿಕೆ. ಹನ್ನೊಂದು ಜನ ಪಂಡಿತರನ್ನು ಕೂಡಿಸಿ ಸಂಸ್ಕೃತದಲ್ಲಿ ಒಂದು ಸಂಗ್ರಹ ಮಾಡಿಸಿದರು; ಅದು ಪಾರಸಿಗೆ ಹೋಗಿ, ಪಾರಸಿಯಿಂದ ಹಾಲ್‌ಹೆಡ್‌ನ ಕೈಯಲ್ಲಿ ಇಂಗ್ಲಿಷಿಗೆ ಬಂದು, 1776ರಲ್ಲಿ ಅಚ್ಚಾಯಿತು. 1783ರಲ್ಲಿ ಕಲಕತ್ತೆಗೆ ನ್ಯಾಯಾಧೀಶನಾಗಿ ಬಂದ ವಿಲಿಯಂ ಜೋನ್ಸನಿಗೆ ಕೋರ್ಟಿನ ಪಂಡಿತರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ; ಅವರನ್ನು ಅವಲಂಬಿಸಬಾರದೆಂದೇ ಅವನು ಸಂಸ್ಕೃತ ಕಲಿತ, ದೊಡ್ಡ ಸಂಗ್ರಹವೊಂದಕ್ಕೆ ಕೈಹಾಕಿದ. ಕಡೆಗೆ 1810ರಲ್ಲಿ ಕೋಲ್‌ಬ್ರೂಕ್ ದಾಯಭಾಗವನ್ನೂ ಮಿತಾಕ್ಷರದ ದಾಯವಿಭಾಗವನ್ನೂ ಇಂಗ್ಲಿಷಿಗೆ ತಂದ.

ಇಲ್ಲಿ ಏನಾಯಿತು ನೋಡು. ಕೋಲ್‌ಬ್ರೂಕ್ ಒಳ್ಳೆಯ ವಿದ್ವಾಂಸ, ಅನುವಾದವೂ ಎಚ್ಚರದ್ದೇ. ಆದರೆ ಮೂರು ಅಧ್ಯಾಯಗಳ ಮಹಾಗ್ರಂಥದಿಂದ ಪಾಲಿನ ಪ್ರಕರಣವೊಂದೇ ಕತ್ತರಿಸಿ ಬಂತು. ಕೋರ್ಟಿಗೆ ಬೇಕಾದದ್ದು ಅಷ್ಟೇ. ಆ ಕತ್ತರಿಸಿದ ಭಾಗಕ್ಕೆ ‘ಮಿತಾಕ್ಷರ ಕಾನೂನು’ ಎಂದು ಹೆಸರಾಯಿತು, ಬಂಗಾಳ ಬಿಟ್ಟು ಭಾರತದ ಬಹುಭಾಗದ ಹಿಂದೂಗಳಿಗೆ ಅದೇ ಅನ್ವಯ ಎಂದಾಯಿತು. ಕೆಲಕಾಲ ಕೋರ್ಟುಗಳಲ್ಲಿ ಪಂಡಿತರು ಕುಳಿತು ವ್ಯವಸ್ಥೆ, ಅಂದರೆ ಶಾಸ್ತ್ರದ ಅಭಿಪ್ರಾಯ, ಕೊಡುತ್ತಿದ್ದರು. 1864ರಲ್ಲಿ ಆ ಹುದ್ದೆಗಳನ್ನೇ ತೆಗೆದುಹಾಕಿದರು. ಅಲ್ಲಿಂದ ಮುಂದೆ ಪುಸ್ತಕವನ್ನು ಅರ್ಥೈಸುವವರು ಸಂಸ್ಕೃತ ತಿಳಿಯದ ನ್ಯಾಯಾಧೀಶರು, ಅವರಿಗೆ ಆಧಾರ ಹಿಂದಿನ ನ್ಯಾಯಾಧೀಶರ ತೀರ್ಪು. ಇದು ಹೀಗಲ್ಲ ಎಂದು ಎದ್ದು ಹೇಳುವ ಪೂರ್ವಪಕ್ಷಿ ಆ ಕೋಣೆಯಲ್ಲಿ ಉಳಿಯಲಿಲ್ಲ. ಹಿರಿಯ ಮಗನ ಹೆಚ್ಚಿನ ಪಾಲನ್ನು ವಿಜ್ಞಾನೇಶ್ವರ ಜನರ ಮುಖ ನೋಡಿ ಕೈಬಿಟ್ಟನಲ್ಲ, ಅಂಥ ಕೆಲಸ ಮಾಡುವ ಅಧಿಕಾರ ಯಾವ ಪಂಡಿತನಿಗೂ ಉಳಿಯಲಿಲ್ಲ.

ಇದರ ಪೆಟ್ಟು ಯಾರ ಮೇಲೆ ಬಿತ್ತು ಎಂಬುದಕ್ಕೆ ಸ್ತ್ರೀಧನದ ಪ್ರಕರಣ ಸಾಕು. ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ‘ಇತ್ಯಾದಿ’ ಸ್ತ್ರೀಧನ ಎಂದು ಯಾಜ್ಞವಲ್ಕ್ಯ ಹೇಳಿದ್ದ. ಆ ‘ಇತ್ಯಾದಿ’ಯೊಳಗೆ ದಾಯವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಸೇರುತ್ತದೆ ಎಂದು ವಿಜ್ಞಾನೇಶ್ವರ ಬಾಗಿಲನ್ನು ಅಗಲವಾಗಿ ತೆರೆದಿದ್ದ. ಅಂದಿನ ಕಡೆಯ ಮೇಲ್ಮನವಿಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 19ನೆಯ ಶತಮಾನದ ಉತ್ತರಾರ್ಧದಿಂದ 1903ರ ತನಕ ಕೊಟ್ಟ ತೀರ್ಪುಗಳಲ್ಲಿ ಆ ಬಾಗಿಲನ್ನು ಮುಚ್ಚಿತು: ಹೆಣ್ಣಿಗೆ ದಾಯವಾಗಿ ಬಂದ ಸೊತ್ತು ಅವಳ ಸ್ವಂತದ್ದಲ್ಲ, ಬದುಕಿರುವ ತನಕ ಅನುಭವಿಸುವ ಸೀಮಿತ ಹಕ್ಕು ಮಾತ್ರ, ಅವಳ ನಂತರ ಅದು ಹಿಂದಿನ ಒಡೆಯನ ವಾರಸುದಾರರಿಗೆ ಹಿಂತಿರುಗಬೇಕು. ಮುಂಬಯಿ ಪ್ರಾಂತ್ಯದ ಕೋರ್ಟುಗಳು ಮಾತ್ರ ಪಶ್ಚಿಮ ಭಾರತದ ರೂಢಿಯನ್ನು ಹಿಡಿದು ಮಗಳಿಗೆ ಪೂರ್ಣ ಒಡೆತನ ಕೊಟ್ಟವು. ಪರಿಣಾಮವೇನು? ತಂದೆಯಿಂದ ಬಂದ ಹೊಲವನ್ನು ನಮ್ಮ ಧಾರವಾಡದ ಮಗಳು ಸ್ವತಂತ್ರವಾಗಿ ಮಾರಬಹುದಿತ್ತು, ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಮಗಳು ಮಾರುವಂತಿರಲಿಲ್ಲ. ಎರಡೂ ಕಡೆ ಕಾನೂನು ಮಿತಾಕ್ಷರವೇ! ಇದೊಂದನ್ನು ನಿನ್ನ ಮಾರ್ಗದರ್ಶಕರ ಮುಂದಿಟ್ಟು, ಸಂಹಿತೆ ಸಮಾಜದ ಪಡಿಯಚ್ಚು ಎನ್ನುವ ವಾಕ್ಯ ನಿಲ್ಲುತ್ತದೆಯೇ ಎಂದು ಕೇಳು.

ಪ್ರಿವಿ ಕೌನ್ಸಿಲ್ಲಿಗೆ ಈ ತೊಡಕು ಕಾಣಿಸಲೇ ಇಲ್ಲ ಎಂದೇನೂ ಅಲ್ಲ. 1868ರ ಮಧುರೆ ಕಲೆಕ್ಟರರ ಮೊಕದ್ದಮೆಯಲ್ಲಿ, ರಾಮನಾಡಿನ ವಿಧವೆ ರಾಣಿಯ ದತ್ತಕವನ್ನು ಎತ್ತಿಹಿಡಿಯುತ್ತ, ಸ್ಪಷ್ಟವಾಗಿ ರುಜುವಾತಾದ ರೂಢಿ ಲಿಖಿತ ವಚನಕ್ಕಿಂತ ಹೆಚ್ಚು ತೂಗುತ್ತದೆ ಎಂದು ಅದೇ ಹೇಳಿತು. ಕೇಳಲು ಚೆನ್ನಾಗಿದೆ. ಆದರೆ ರೂಢಿಯನ್ನು ರುಜುವಾತು ಮಾಡಬೇಕಾದವನು ಸಾಕ್ಷಿಗಳನ್ನು ಕರೆತರಬೇಕು, ದಾಖಲೆ ತರಬೇಕು, ವಕೀಲರಿಗೆ ಹಣ ತೆರಬೇಕು. ಪುಸ್ತಕದ ಬಲದ ಮೇಲೆ ನಿಂತವನಿಗೆ ಅದ್ಯಾವುದೂ ಬೇಡ. ರುಜುವಾತಿನ ಭಾರ ಯಾರ ತಲೆಯ ಮೇಲೆ ಎಂಬುದು ಅರ್ಧ ದಾವೆಯನ್ನು ತೀರಿಸಿಬಿಡುತ್ತದೆ.

ತುಳುನಾಡನ್ನು ಮಾತ್ರ ಪುಸ್ತಕದಡಿ ಸೇರಿಸಲು ಆಗಲಿಲ್ಲ. ಅಲ್ಲಿಯ ಬಂಟರೂ ಬಿಲ್ಲವರೂ ಭೂತಾಳಪಾಂಡ್ಯನ ಕಟ್ಟು ಎಂದು ನಂಬಿಕೊಂಡು ಬಂದ ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. 1949ರಲ್ಲಿ ಮದ್ರಾಸು ಸರ್ಕಾರ ಅದಕ್ಕೆ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ನೀನು ಆ ಕಡೆಯ ಗೆಳತಿಯರನ್ನು ಕೇಳಿ ನೋಡು, ಮನೆಯ ಹಿರಿಯರು ಹೇಳಿಯಾರು.

ಇನ್ನು ನಿನ್ನ ಕೊನೆಯ ಅಧ್ಯಾಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಹೆಣ್ಣಿನ ಹಕ್ಕು ಆರಂಭವಾಯಿತು ಎಂದು ಬರೆದಿದ್ದೀಯ. ಆ ಕಾಯಿದೆ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿದ್ದು ದೊಡ್ಡದೇ. ಆದರೆ ಅದಕ್ಕೆ ಇಪ್ಪತ್ತಮೂರು ವರ್ಷ ಮೊದಲು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯಿದೆ ಅವಿಭಕ್ತ ಕುಟುಂಬದ ಪಾಲಿನಲ್ಲಿ ತಾಯಿಗೆ, ವಿಧವೆಗೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಅಂಶ ಕೊಟ್ಟಿತ್ತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಮಟ್ಟಿಗಿನ ಕಾಯಿದೆ ಬಂದದ್ದು 1937ರಲ್ಲಿ. ಸೋದರರು ತಮ್ಮ ಅಂಶದಿಂದ ನಾಲ್ಕನೆಯ ಒಂದು ಪಾಲನ್ನು ಅವಿವಾಹಿತ ಸೋದರಿಗೆ ಕೊಡಬೇಕೆಂಬ ಯಾಜ್ಞವಲ್ಕ್ಯನ ವಚನವನ್ನು, ಅದು ಬರೀ ಮದುವೆಯ ಖರ್ಚಲ್ಲ, ನಿಜವಾದ ಪಾಲು ಎಂದು ವಿಜ್ಞಾನೇಶ್ವರ ವಾದಿಸಿದ್ದನ್ನು ಓದಿಕೊಂಡು ಆಮೇಲೆ ಈ ಮೈಸೂರು ಕಾಯಿದೆಗೆ ಬಾ. ಮುಂದೆ 1994ರಲ್ಲಿ ಕರ್ನಾಟಕದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು; 2005ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನೂ ತೆಗೆಯಿತು; ಅದು ಜಾರಿಗೆ ಬಂದ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ಬೇಕಿಲ್ಲ ಎಂದು ತೀರಿಸಿತು. ಕಲ್ಯಾಣದಲ್ಲಿ ಮಗನಿಗಾಗಿ ಹೂಡಿದ ವಾದ ಒಂಬತ್ತು ಶತಮಾನಗಳ ಮೇಲೆ ಮಗಳಿಗೂ ದಕ್ಕಿತು.

ದಕ್ಕಿತು ಎಂದು ಕಾಗದದ ಮೇಲೆ ಬರೆಯುತ್ತಿದ್ದೇನೆ. ಯಾವುದಾದರೂ ತಾಲೂಕಿನ ಉಪನೋಂದಣಾಧಿಕಾರಿಗಳ ಕಚೇರಿಯ ಹೊರಗೆ ಒಂದು ಮಧ್ಯಾಹ್ನ ಕುಳಿತು ನೋಡು. ಅಣ್ಣಂದಿರು ಜೀಪು ಮಾಡಿಕೊಂಡು ಅಕ್ಕತಂಗಿಯರನ್ನು ಕರೆತರುತ್ತಾರೆ. ಪತ್ರಬರಹಗಾರನ ಹತ್ತಿರ ಹಕ್ಕುಬಿಡುಗಡೆ ಪತ್ರ ಮೊದಲೇ ಟೈಪಾಗಿ ಸಿದ್ಧವಿರುತ್ತದೆ. ಅರಿಶಿನ ಕುಂಕುಮದ ಬಾಬ್ತು ಎಂದು ಒಂದು ಸಣ್ಣ ಮೊತ್ತ ಕಾಣಿಸಿರುತ್ತಾರೆ. ಬೆರಳಚ್ಚು ಬೀಳುತ್ತದೆ, ಎದುರಿನ ಹೋಟೆಲಿನಲ್ಲಿ ಎಲ್ಲರೂ ಕೂಡಿ ಊಟ ಮಾಡುತ್ತಾರೆ. ಬಲವಂತವೇ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ತವರಿನ ಬಾಗಿಲು ಮುಚ್ಚಿಹೋದೀತು ಎಂಬ ಭಯ ಯಾವ ಕಾಯಿದೆಯ ಕಲಮಿನಲ್ಲಿಯೂ ಇಲ್ಲ. ಹಾಗೆಂದು ಕಾಯಿದೆ ನಿರರ್ಥಕ ಎಂಬ ತೀರ್ಮಾನಕ್ಕೂ ಹಾರಬೇಡ. 2005ಕ್ಕಿಂತ ಮೊದಲು ಮದುವೆಯಾದ ಅಕ್ಕತಂಗಿಯರನ್ನು ಎಷ್ಟೋ ಪಾಲುಪತ್ರಗಳಲ್ಲಿ ಹೆಸರಿಸುವುದೇ ಇರಲಿಲ್ಲ. ಈಗ ಅವರ ಸಹಿ ಇಲ್ಲದೆ ಕೊಳ್ಳುವವನು ಮುಂದೆ ಬರುವುದಿಲ್ಲ. ಸಹಿ ಬೇಕು ಎಂದಾದ ಕೂಡಲೇ ಆ ಹೆಣ್ಣುಮಗಳನ್ನು ಮಾತಾಡಿಸಬೇಕಾಗುತ್ತದೆ, ಒಮ್ಮೊಮ್ಮೆ ಅವಳು ಒಲ್ಲೆ ಎಂದೂ ಹೇಳುತ್ತಾಳೆ. ಅಂಥ ದಾವೆಗಳನ್ನು ನಾನು ನಡೆಸಿದ್ದೇನೆ.

ಆದ್ದರಿಂದ ಪ್ರಬಂಧವನ್ನು ಹೀಗೆ ತಿದ್ದು. ಹಮ್ಮುರಾಬಿಯನ್ನೂ ರೋಮನ್ನೂ ಒಂದೇ ಅಧ್ಯಾಯಕ್ಕೆ ಇಳಿಸು. ಜಸ್ಟಿನಿಯನ್, ನೆಪೋಲಿಯನ್‌ರನ್ನು ಪೂರ್ತಿ ಬಿಡು, ಅವರ ಬಗ್ಗೆ ನೀನು ಬರೆದಿರುವುದು ಪಠ್ಯಪುಸ್ತಕದ ಸಾರಾಂಶ. ಉಳಿದದ್ದನ್ನೆಲ್ಲ ಮಿತಾಕ್ಷರಕ್ಕೆ ಮೀಸಲಿಡು. ಕೋಲ್‌ಬ್ರೂಕನ ಇಂಗ್ಲಿಷನ್ನು ಪಕ್ಕದಲ್ಲಿಟ್ಟುಕೊ, ಆದರೆ ವ್ಯವಹಾರಾಧ್ಯಾಯವನ್ನು ಸಂಸ್ಕೃತದಲ್ಲಿಯೇ ಓದು. ನಿನ್ನ ಸಂಸ್ಕೃತ ಅದಕ್ಕೆ ಸಾಕು, ಸಾಲದೆ ಬಂದಲ್ಲಿ ಮೈಸೂರಿನ ಪಾಠಶಾಲೆಯಲ್ಲಿ ಓದಿದ ಹಿರಿಯರು ಬೆಂಗಳೂರಿನಲ್ಲಿಯೇ ಸಿಗುತ್ತಾರೆ, ಫಲತಾಂಬೂಲ ತೆಗೆದುಕೊಂಡು ಹೋಗಿ ಕೇಳು. ದಾಯದ ಪ್ರಕರಣವೊಂದನ್ನೇ ಓದಿ ನಿಲ್ಲಿಸಬೇಡ, ಸಾಕ್ಷಿ ಮತ್ತು ಸೀಮಾವಿವಾದದ ಪ್ರಕರಣಗಳಲ್ಲಿ ಆ ಕಾಲದ ಊರು ಹೆಚ್ಚು ಕಾಣುತ್ತದೆ. ಪ್ರತಿ ವಚನದ ಎದುರು ಒಂದು ಶಾಸನವನ್ನೋ ತೀರ್ಪನ್ನೋ ನಿಲ್ಲಿಸಲು ಸಾಧ್ಯವೇ ಎಂದು ಹುಡುಕು. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆ.

ಮತ್ತೊಂದು ಕೆಲಸ ಬೆಂಗಳೂರಿನಲ್ಲಿಯೇ ಆಗುವಂಥದು. 1933ರ ಕಾಯಿದೆ ಬರುವ ಮೊದಲು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ನ್ಯಾಯವಿಧಾಯಕ ಸಭೆಯಲ್ಲಿಯೂ ನಡೆದ ಚರ್ಚೆಯ ವರದಿಗಳನ್ನು ಸರ್ಕಾರದ ದಾಖಲೆ ಸಂಗ್ರಹಾಲಯದಲ್ಲಿ ಕೇಳು. ಅದರಲ್ಲಿ ಯಾರು ಮಿತಾಕ್ಷರವನ್ನು ಹೆಣ್ಣುಮಕ್ಕಳ ಪರವಾಗಿ ಎತ್ತಿಕೊಂಡರು, ಯಾರು ಅದನ್ನೇ ಅವರ ವಿರುದ್ಧ ಹಿಡಿದರು ಎಂದು ಗುರುತು ಹಾಕಿಕೊಂಡು ಬಾ. ದೀಪಾವಳಿಗೆ ಊರಿಗೆ ಬರುವಾಗ ಆ ಟಿಪ್ಪಣಿಗಳನ್ನು ತಂದರೆ ಕೂಡಿ ಓದೋಣ. ಬರುವ ದಿನ ತಿಳಿಸಿದರೆ ನಿನ್ನ ಕಾಕು ಕರಿಗಡಬು ಮಾಡಿಡುತ್ತೇನೆ ಎಂದಿದ್ದಾಳೆ.

ಇತಿ,
ನಿನ್ನ ಕಾಕಾ